ಅಂಡಾಶಯದ ಗಡ್ಡೆ: ಭಯವೂ ಬೇಡ, ತಡವೂ ಬೇಡ

(ಲೂರ್ದು ಮಾತೆಯ ಹಬ್ಬ ಹಾಗೂ ವಿಶ್ವ ರೋಗಿಗಳ ದಿನದ ಚಿಂತನೆ)



ಫೆಬ್ರವರಿ 11 ಲೂರ್ದು ಮಾತೆಯ ಹಬ್ಬ. 1858ರ ಆ ದಿನ ಫ್ರಾನ್ಸ್ ದೇಶದ ಲೂರ್ದು ಎಂಬ ಊರಿನಲ್ಲಿ, ಸೌದೆ ಆರಿಸಲು ಹೋದ ಬಡ ಬಾಲಕಿ ಬೆರ್ನದೆತ್ತಳಿಗೆ ಮಾತೆ ಮರಿಯಮ್ಮನವರು ಗವಿಯೊಂದರಲ್ಲಿ ಮೊದಲ ಬಾರಿ ದರ್ಶನವಿತ್ತರು. ಜಗದ್ಗುರು ಎರಡನೆಯ ಜಾನ್ ಪೌಲರು 1992ರಲ್ಲಿ ಇದೇ ದಿನವನ್ನು ವಿಶ್ವ ರೋಗಿಗಳ ದಿನವೆಂದು ಘೋಷಿಸಿದರು. 1993ರಿಂದ ಧರ್ಮಸಭೆ ಈ ದಿನ ರೋಗಿಗಳನ್ನು ವಿಶೇಷವಾಗಿ ನೆನೆಯುತ್ತಾ ಬಂದಿದೆ. ನಮ್ಮ ಧರ್ಮಕೇಂದ್ರಗಳಲ್ಲೂ ಅಂದು ರೋಗಿಗಳಿಗಾಗಿ ಬಲಿಪೂಜೆ ನಡೆಯುತ್ತದೆ. ವೃದ್ಧರನ್ನು, ನಡೆಯಲಾಗದವರನ್ನು ಮುಂದಿನ ಸಾಲಿನಲ್ಲಿ ಕೂರಿಸಿ ಗುರುಗಳು ಆಶೀರ್ವದಿಸುತ್ತಾರೆ.

ಆದರೆ ಆ ಮುಂದಿನ ಸಾಲಿಗೆ ಬಾರದ ರೋಗಿಗಳೂ ದೇವಾಲಯದಲ್ಲಿ ಇರುತ್ತಾರೆ. ಕಿಬ್ಬೊಟ್ಟೆಯ ನೋವನ್ನು ಸೆರಗಿನಲ್ಲಿ ಒತ್ತಿಕೊಂಡು ಹಿಂದಿನ ಬೆಂಚಿನಲ್ಲಿ ಕುಳಿತ ತಾಯಂದಿರು, ಹೊಟ್ಟೆ ಏಕೆ ಉಬ್ಬುತ್ತಿದೆ ಎಂದು ಯಾರಲ್ಲೂ ಕೇಳಲಾರದ ಹೆಣ್ಣುಮಕ್ಕಳು. ಇವರಲ್ಲಿ ಹಲವರಿಗೆ ಇರುವುದು ಅಂಡಾಶಯದ ಗಡ್ಡೆ. ವೈದ್ಯರು ಇದನ್ನು 'ಓವರಿಯನ್ ಸಿಸ್ಟ್' ಎನ್ನುತ್ತಾರೆ, ನಮ್ಮ ಜನ 'ನೀರಿನ ಗಡ್ಡೆ' ಎನ್ನುತ್ತಾರೆ. ಹೆಸರು ಕೇಳಿದೊಡನೆ ಕೆಲವರು ಕ್ಯಾನ್ಸರ್ ಎಂದು ನಡುಗುತ್ತಾರೆ, ಕೆಲವರು ಹರಕೆ ಹೊತ್ತು ಸುಮ್ಮನಾಗುತ್ತಾರೆ. ಎರಡೂ ಸರಿಯಲ್ಲ.

ಹನ್ನೆರಡು ವರ್ಷ ನರಳಿದ ಸ್ತ್ರೀ

ಸಂತ ಮಾರ್ಕನ ಶುಭಸಂದೇಶದ ಐದನೇ ಅಧ್ಯಾಯದಲ್ಲಿ ಹನ್ನೆರಡು ವರ್ಷ ರಕ್ತಸ್ರಾವದಿಂದ ನರಳಿದ ಸ್ತ್ರೀಯನ್ನು ಕಾಣುತ್ತೇವೆ. ಆಕೆ ಇದ್ದುದನ್ನೆಲ್ಲ ವೈದ್ಯರಿಗೆ ಸುರಿದಿದ್ದಳು, ರೋಗ ಮಾತ್ರ ಹೆಚ್ಚಿತ್ತು. ಅಂದಿನ ಕಟ್ಟಳೆಯಂತೆ ಆಕೆ ಅಶುದ್ಧಳು. ಆದ್ದರಿಂದ ಬಹಿರಂಗವಾಗಿ ಕೇಳಲು ನಾಚಿ, ಜನರ ಗುಂಪಿನ ನಡುವೆ ಹಿಂದಿನಿಂದ ಬಂದು ಯೇಸುಸ್ವಾಮಿಯ ಉಡುಪನ್ನು ಮುಟ್ಟಿದಳು. ಸ್ವಾಮಿ ಆಕೆಯನ್ನು ಗುಣಪಡಿಸಿ ಸುಮ್ಮನೆ ಕಳುಹಿಸಲಿಲ್ಲ. ನಿಂತು, ತಿರುಗಿ, ಎಲ್ಲರೆದುರು ಆಕೆ ನಡೆದುದನ್ನು ಹೇಳುವಂತೆ ಮಾಡಿ, ಮಗಳೆಂದು ಕರೆದರು. ಹೆಣ್ಣಿನ ದೇಹದ ಕಾಯಿಲೆ ಬಚ್ಚಿಡಬೇಕಾದ ಅವಮಾನವಲ್ಲ ಎಂಬುದನ್ನು ಇದಕ್ಕಿಂತ ಸ್ಪಷ್ಟವಾಗಿ ತಿಳಿಸಲು ಸಾಧ್ಯವಿಲ್ಲ.

ಗಡ್ಡೆ ಎಂದರೇನು?

ಗರ್ಭಕೋಶದ ಎರಡು ಬದಿಯಲ್ಲಿ ಒಂದೊಂದು ಅಂಡಾಶಯವಿದೆ. ಗಾತ್ರದಲ್ಲಿ ಅದು ಒಂದು ದೊಡ್ಡ ಬಾದಾಮಿಯಷ್ಟು. ಪ್ರತಿ ತಿಂಗಳು ಅದರೊಳಗೆ ನೀರು ತುಂಬಿದ ಸಣ್ಣ ಗುಳ್ಳೆಯೊಂದು ಸುಮಾರು 2 ಸೆಂಟಿಮೀಟರ್‌ವರೆಗೆ ಬೆಳೆದು, ಒಡೆದು, ಅಂಡವನ್ನು ಹೊರಬಿಡುತ್ತದೆ. ಇದು ದೇವರು ಇಟ್ಟ ಸಹಜ ಕ್ರಮ. ಯಾವುದೋ ತಿಂಗಳು ಗುಳ್ಳೆ ಒಡೆಯದೆ ಬೆಳೆಯುತ್ತಾ ಹೋದರೆ, ಇಲ್ಲವೆ ಒಡೆದ ಮೇಲೆ ಮತ್ತೆ ಮುಚ್ಚಿಕೊಂಡು ನೀರು ತುಂಬಿಕೊಂಡರೆ ಅದೇ ಗಡ್ಡೆಯಾಗಿ ಕಾಣುತ್ತದೆ. ಮುಟ್ಟಾಗುವ ವಯಸ್ಸಿನವರಲ್ಲಿ ಕಾಣುವ ಹೆಚ್ಚಿನ ಗಡ್ಡೆಗಳು ಈ ಜಾತಿಯವು. ಎರಡು ಮೂರು ತಿಂಗಳಲ್ಲಿ ತಾವಾಗಿಯೇ ಕರಗುತ್ತವೆ.

ಉಳಿದವು ಬೇರೆ ಬಗೆಯವು:

1. ಡರ್ಮಾಯ್ಡ್ ಗಡ್ಡೆ: ಇದರೊಳಗೆ ಕೂದಲು, ಕೊಬ್ಬು, ಕೆಲವೊಮ್ಮೆ ಹಲ್ಲು ಕೂಡ ಇರುತ್ತದೆ. ಇದನ್ನು ಕಂಡು ಮಾಟ ಮಾಡಿಸಿದ್ದಾರೆ ಎಂದು ಹೆದರುವವರಿದ್ದಾರೆ. ಅಂಡವಾಗಬೇಕಾದ ಜೀವಕೋಶಕ್ಕೆ ದೇಹದ ಯಾವ ಅಂಗಾಂಶವನ್ನಾದರೂ ಬೆಳೆಸುವ ಶಕ್ತಿ ಇದೆ. ಅದು ದಾರಿತಪ್ಪಿ ಬೆಳೆದಾಗ ಹೀಗಾಗುತ್ತದೆ. ಇಲ್ಲಿ ಮಾಟವೂ ಇಲ್ಲ, ಶಾಪವೂ ಇಲ್ಲ.

2. ಚಾಕೊಲೇಟ್ ಗಡ್ಡೆ: ಗರ್ಭಕೋಶದ ಒಳಪದರದಂಥ ಅಂಗಾಂಶ ಅಂಡಾಶಯದಲ್ಲಿ ನೆಲೆಸಿ, ತಿಂಗಳು ತಿಂಗಳು ಅಲ್ಲಿಯೇ ರಕ್ತ ಸುರಿಸಿ, ಅದು ಕಂದುಬಣ್ಣಕ್ಕೆ ತಿರುಗುವುದು. ಮುಟ್ಟಿನ ದಿನಗಳ ತೀವ್ರ ನೋವು ಇದರ ಮುಖ್ಯ ಲಕ್ಷಣ. ಮಕ್ಕಳಾಗಲು ತಡವಾಗುವುದಕ್ಕೂ ಇದು ಕಾರಣವಾಗಬಹುದು.

3. ಸಿಸ್ಟಡಿನೋಮ: ತೆಳುನೀರು ಅಥವಾ ಲೋಳೆ ತುಂಬಿದ ಗಡ್ಡೆ. ಬಹಳ ದೊಡ್ಡದಾಗಿ ಬೆಳೆಯಬಲ್ಲದು.

4. ಕ್ಯಾನ್ಸರ್ ಗಡ್ಡೆ: ಯುವತಿಯರಲ್ಲಿ ಅಪರೂಪ. ಮುಟ್ಟು ನಿಂತ ಮೇಲೆ ಸಂಭವ ಹೆಚ್ಚು. ಆದ್ದರಿಂದ ಆ ವಯಸ್ಸಿನಲ್ಲಿ ಕಂಡ ಗಡ್ಡೆಯನ್ನು ಹಗುರವಾಗಿ ನೋಡಬಾರದು.

'ಪಿಸಿಓಡಿ' ಎಂಬ ಹೆಸರು ಇಂದು ಮನೆಮನೆಯ ಮಾತಾಗಿದೆ. ಅದು ಬೇರೆ ತೊಂದರೆ. ಹಾರ್ಮೋನಿನ ಏರುಪೇರಿನಿಂದ ಅಂಡಾಶಯದಲ್ಲಿ ಹಲವು ಸಣ್ಣ ಗುಳ್ಳೆಗಳು ನಿಂತುಬಿಡುತ್ತವೆ. ಅವನ್ನು ಕತ್ತರಿಸಿ ತೆಗೆಯುವ ಆಪರೇಷನ್ ಅದಕ್ಕೆ ಮದ್ದಲ್ಲ.

ಯಾವಾಗ ಎಚ್ಚರಗೊಳ್ಳಬೇಕು?

ಅನೇಕ ಗಡ್ಡೆಗಳು ಯಾವ ಸೂಚನೆಯನ್ನೂ ಕೊಡುವುದಿಲ್ಲ. ಬೇರೆ ಕಾರಣಕ್ಕೆ ಸ್ಕ್ಯಾನಿಂಗ್ ಮಾಡಿದಾಗ ಕಾಣಿಸುತ್ತವೆ. ಆದರೆ ಕಿಬ್ಬೊಟ್ಟೆಯಲ್ಲಿ ಭಾರ, ಹೊಟ್ಟೆ ಉಬ್ಬರ, ಪದೇಪದೇ ಮೂತ್ರಕ್ಕೆ ಹೋಗಬೇಕೆನಿಸುವುದು, ನಾಲ್ಕು ತುತ್ತು ಉಣ್ಣುವಷ್ಟರಲ್ಲಿ ಹೊಟ್ಟೆ ತುಂಬಿದಂತಾಗುವುದು, ಮುಟ್ಟಿನ ಏರುಪೇರು, ದಾಂಪತ್ಯದ ಸಮಯದಲ್ಲಿ ನೋವು, ಇವು ಕೆಲವು ವಾರ ಬಿಡದೆ ಕಾಡಿದರೆ ವೈದ್ಯರನ್ನು ಕಾಣಬೇಕು. ಗ್ಯಾಸ್ಟ್ರಿಕ್ ಮಾತ್ರೆ ನುಂಗುತ್ತಾ ತಿಂಗಳುಗಟ್ಟಲೆ ತಳ್ಳಬಾರದು.

ಒಂದು ಸಂದರ್ಭದಲ್ಲಂತೂ ಒಂದು ಗಂಟೆಯೂ ಕಾಯಬಾರದು. ಹೊಟ್ಟೆಯ ಒಂದು ಬದಿಯಲ್ಲಿ ಇದ್ದಕ್ಕಿದ್ದಂತೆ ತಡೆಯಲಾರದ ನೋವು, ಜೊತೆಗೆ ವಾಂತಿ ಬಂದರೆ ಗಡ್ಡೆಯ ಭಾರಕ್ಕೆ ಅಂಡಾಶಯ ತಿರುಚಿಕೊಂಡಿರಬಹುದು. ಆಗ ಅದಕ್ಕೆ ರಕ್ತ ಹರಿಯುವುದು ನಿಲ್ಲುತ್ತದೆ. ಬೇಗ ಬಿಡಿಸಿದರೆ ಅಂಡಾಶಯ ಉಳಿಯುತ್ತದೆ, ಬೆಳಗಾಗಲಿ ನೋಡೋಣ ಎಂದರೆ ಕಳೆದುಹೋಗಬಹುದು. ನೋವಿನೊಂದಿಗೆ ತಲೆಸುತ್ತು, ಮೈ ಬೆವರುವುದು, ಮೂರ್ಛೆ ಬಂದರೆ ಗಡ್ಡೆ ಒಡೆದು ಒಳಗೆ ರಕ್ತ ಸೋರುತ್ತಿರಬಹುದು. ನಡುರಾತ್ರಿಯಾದರೂ ಆಸ್ಪತ್ರೆಗೆ ಕರೆದೊಯ್ಯಿರಿ.

ಎಲ್ಲರಿಗೂ ಆಪರೇಷನ್ ಬೇಕೆ?

ಬೇಡ. ಮೊದಲ ಪರೀಕ್ಷೆ ಸ್ಕ್ಯಾನಿಂಗ್. ಮದುವೆಯಾಗದ ಹೆಣ್ಣುಮಕ್ಕಳಿಗೆ ಸಾಮಾನ್ಯವಾಗಿ ಹೊಟ್ಟೆಯ ಮೇಲಿಂದಲೇ ಮಾಡುತ್ತಾರೆ, ಇದಕ್ಕೆ ನೀರು ಕುಡಿದು ಮೂತ್ರಕೋಶ ತುಂಬಿಸಿಕೊಂಡು ಹೋಗಬೇಕು. ಆದ್ದರಿಂದ ತಾಯಂದಿರು ಮಗಳ ಪರೀಕ್ಷೆಗೆ ಅಂಜಬೇಕಿಲ್ಲ. ಮುಟ್ಟಾಗುತ್ತಿರುವ ವಯಸ್ಸಿನಲ್ಲಿ, ಬರಿಯ ನೀರು ತುಂಬಿದ, 5 ಸೆಂಟಿಮೀಟರ್ ಒಳಗಿನ ಗಡ್ಡೆಗೆ ಸಾಮಾನ್ಯವಾಗಿ ಚಿಕಿತ್ಸೆ ಬೇಕಾಗದು. 5ರಿಂದ 7 ಸೆಂಟಿಮೀಟರ್ ಇದ್ದರೆ ಮತ್ತೆ ಸ್ಕ್ಯಾನ್ ಮಾಡಿಸಿ ನೋಡುತ್ತಾ ಇರುತ್ತಾರೆ. ಅದಕ್ಕೂ ದೊಡ್ಡದಾದರೆ, ಕರಗದೆ ನಿಂತರೆ, ನೋವು ಕೊಡುತ್ತಿದ್ದರೆ, ಒಳಗೆ ಗಟ್ಟಿ ಭಾಗ ಕಂಡರೆ ಆಪರೇಷನ್ ವಿಚಾರ ಬರುತ್ತದೆ.

'ಸಿಎ 125' ಎಂಬ ರಕ್ತಪರೀಕ್ಷೆಯ ಅಂಕಿ ಹೆಚ್ಚು ಬಂದೊಡನೆ ಮನೆಯಲ್ಲಿ ಅಳು ಶುರುವಾಗುವುದುಂಟು. ಚಾಕೊಲೇಟ್ ಗಡ್ಡೆಯಲ್ಲಿ, ಹೊಟ್ಟೆಯ ಕ್ಷಯದಲ್ಲಿ, ಮುಟ್ಟಿನ ದಿನಗಳಲ್ಲಿಯೂ ಅದು ಏರುತ್ತದೆ. ಒಂದು ಅಂಕಿ ನೋಡಿ ಕ್ಯಾನ್ಸರ್ ಎಂದು ತೀರ್ಮಾನಿಸಬೇಡಿ.

ಕ್ರಿಸ್ತಜಯಂತಿಯ ದಿನದ ಒಂದು ಆಪರೇಷನ್

ಈ ಚಿಕಿತ್ಸೆಯ ಇತಿಹಾಸ ಆರಂಭವಾದುದೇ ಒಬ್ಬ ಭಕ್ತ ತಾಯಿಯ ಧೈರ್ಯದಿಂದ. 1809ರಲ್ಲಿ ಅಮೆರಿಕದ ಕೆಂಟಕಿ ಪ್ರಾಂತ್ಯದಲ್ಲಿ ಜೇನ್ ಟಾಡ್ ಕ್ರಾಫರ್ಡ್ ಎಂಬ ಮಹಿಳೆಯ ಹೊಟ್ಟೆ ಬೆಳೆಯುತ್ತಾ ಹೋಯಿತು. ನೋಡಿದ ವೈದ್ಯರು ಗರ್ಭವೆಂದೇ ಭಾವಿಸಿದ್ದರು. ಇಫ್ರೇಮ್ ಮ್ಯಾಕ್‌ಡೊವೆಲ್ ಎಂಬ ವೈದ್ಯರು ಪರೀಕ್ಷಿಸಿ, ಇದು ಅಂಡಾಶಯದ ಗಡ್ಡೆ, ಇದನ್ನು ಇದುವರೆಗೆ ಯಾರೂ ಹೊಟ್ಟೆ ತೆರೆದು ತೆಗೆದಿಲ್ಲ ಎಂಬುದನ್ನು ಮುಚ್ಚಿಡದೆ ಹೇಳಿದರು. ಆಕೆ ಒಪ್ಪಿ, ಚಳಿಗಾಲದಲ್ಲಿ ಕುದುರೆಯ ಮೇಲೆ ಸುಮಾರು 60 ಮೈಲಿ ಪಯಣಿಸಿ ಡ್ಯಾನ್ವಿಲ್ ಎಂಬ ಊರಿಗೆ ಬಂದರು. ಆಪರೇಷನ್ ನಡೆದದ್ದು ಆ ವರ್ಷದ ಡಿಸೆಂಬರಿನಲ್ಲಿ, ಕ್ರಿಸ್ತಜಯಂತಿಯ ದಿನವೇ ಎಂದು ಹೇಳುವ ವಾಡಿಕೆ. ಆಗ ಅರಿವಳಿಕೆ ಇರಲಿಲ್ಲ. 25 ನಿಮಿಷಗಳ ಆ ನೋವನ್ನು ಆಕೆ ಕೀರ್ತನೆಗಳನ್ನು ಹೇಳುತ್ತಾ ಸಹಿಸಿದರಂತೆ. ಹೊರತೆಗೆದ ಗಡ್ಡೆ 22 ಪೌಂಡಿಗೂ ಹೆಚ್ಚು, ಅಂದರೆ ಸುಮಾರು 10 ಕಿಲೋ. ಐದನೇ ದಿನ ವೈದ್ಯರು ಬಂದು ನೋಡಿದರೆ ಆಕೆ ತಮ್ಮ ಹಾಸಿಗೆಯನ್ನು ತಾವೇ ಸರಿಪಡಿಸುತ್ತಿದ್ದರು. 25 ದಿನಗಳಲ್ಲಿ ಮನೆಗೆ ಮರಳಿ, ಮತ್ತೆ 32 ವರ್ಷ ಬಾಳಿದರು.

ಆಕೆಯ ಪ್ರಾರ್ಥನೆ ವೈದ್ಯರ ಬಳಿಗೆ ಹೋಗುವ ದಾರಿಯನ್ನು ತಡೆಯಲಿಲ್ಲ, ಆ ದಾರಿಯಲ್ಲಿ ಆಕೆಯ ಜೊತೆ ನಡೆಯಿತು. ಇಂದು ನಮಗೆ ಅರಿವಳಿಕೆ ಇದೆ, ಸ್ಕ್ಯಾನಿಂಗ್ ಇದೆ, ಬಸ್ಸಿದೆ. ಆದರೂ ಹೊಟ್ಟೆ ಬೆಳೆದ ಅವಿವಾಹಿತೆಯನ್ನು ಕಂಡು ಪಿಸುಮಾತಾಡುವ ನಾಲಿಗೆಗಳಿಗೆ ಹೆದರಿ ಎಷ್ಟೋ ಹೆಣ್ಣುಮಕ್ಕಳು ಮನೆಯಲ್ಲೇ ಉಳಿಯುತ್ತಾರೆ. ಆ ಪಿಸುಮಾತಿನಲ್ಲಿ ನಾವೂ ಪಾಲುಗೊಂಡಿದ್ದರೆ ಪಾಪನಿವೇದನೆಯಲ್ಲಿ ನೆನೆಯಬೇಕಾದ ವಿಷಯ ಅದು.

ಧರ್ಮಸಭೆ ಏನು ಹೇಳುತ್ತದೆ?

ಅಂಡಾಶಯ ತೆಗೆಸಿದರೆ ಪಾಪವೇ ಎಂಬ ಅಳುಕು ನಮ್ಮ ಕೆಲವು ತಾಯಂದಿರಲ್ಲಿದೆ. ಇದಕ್ಕೆ ಉತ್ತರ ಸ್ಪಷ್ಟವಾಗಿದೆ. ಮಕ್ಕಳಾಗದಿರಲೆಂದೇ ಆರೋಗ್ಯವಾದ ಅಂಗವನ್ನು ನಿಷ್ಕ್ರಿಯಗೊಳಿಸುವುದನ್ನು ಧರ್ಮಸಭೆ ಒಪ್ಪುವುದಿಲ್ಲ. ಆದರೆ ರೋಗಪೀಡಿತ ಅಂಗವನ್ನು ಇಡೀ ದೇಹದ ಒಳಿತಿಗಾಗಿ ತೆಗೆಯುವುದು ಬೇರೆ ಮಾತು. ಜಗದ್ಗುರು ಹನ್ನೆರಡನೆಯ ಪಿಯುಸ್‌ರವರು ವೈದ್ಯರಿಗೆ ನೀಡಿದ ಉಪದೇಶಗಳಲ್ಲಿ ಇದನ್ನು ವಿವರಿಸಿದ್ದರು. 1968ರಲ್ಲಿ ಜಗದ್ಗುರು ಆರನೆಯ ಪೌಲರು ಹೊರಡಿಸಿದ 'ಹುಮಾನೆ ವೀತೆ' ವಿಶ್ವಪತ್ರದ 15ನೇ ಪರಿಚ್ಛೇದ, ರೋಗ ಗುಣಪಡಿಸಲು ಬೇಕಾದ ಚಿಕಿತ್ಸೆಯಿಂದ ಸಂತಾನಶಕ್ತಿಗೆ ಅಡ್ಡಿಯಾಗುವುದೆಂದು ಮೊದಲೇ ತಿಳಿದಿದ್ದರೂ, ಅಡ್ಡಿಯೇ ಉದ್ದೇಶವಲ್ಲದಿದ್ದರೆ ಆ ಚಿಕಿತ್ಸೆ ನಿಷಿದ್ಧವಲ್ಲ ಎನ್ನುತ್ತದೆ. ಚಾಕೊಲೇಟ್ ಗಡ್ಡೆಯಂಥ ರೋಗಕ್ಕೆ ವೈದ್ಯರು ಹಾರ್ಮೋನ್ ಮಾತ್ರೆ ಬರೆದುಕೊಟ್ಟರೂ ಇದೇ ನಿಯಮ. ಮನಸ್ಸಿನಲ್ಲಿ ಗೊಂದಲ ಉಳಿದರೆ ಗುರುಗಳಲ್ಲಿ ಕೇಳಿ.

ವೈದ್ಯರನ್ನು ಗೌರವಿಸಿರಿ, ಔಷಧಿ ಭೂಮಿಯಿಂದ ದೇವರೇ ಕೊಟ್ಟದ್ದು ಎಂಬ ಬೋಧನೆ ಸಿರಾಖನ ಗ್ರಂಥದ 38ನೇ ಅಧ್ಯಾಯದಲ್ಲಿದೆ. ಲೂರ್ದಿನಲ್ಲಿಯೇ 1883ರಿಂದ ವೈದ್ಯಕೀಯ ಕಚೇರಿಯೊಂದಿದ್ದು, ಗುಣವಾಯಿತೆಂದು ಬಂದವರನ್ನು ವೈದ್ಯರು ಪರೀಕ್ಷಿಸುತ್ತಾರೆ. ನಮ್ಮ ನಾಡಿನಲ್ಲಿ ಫಾದರ್ ಮುಲ್ಲರ್ 1880ರಲ್ಲಿ ಮಂಗಳೂರಿನ ಕಂಕನಾಡಿಯಲ್ಲಿ ಔಷಧ ಕೊಡತೊಡಗಿದ್ದು, ಗುಡ್ ಶೆಫರ್ಡ್ ಭಗಿನಿಯರು 1886ರಲ್ಲಿ ಬೆಂಗಳೂರಿನ ಸಂತ ಮಾರ್ತ ಆಸ್ಪತ್ರೆಯನ್ನು ತೆರೆದದ್ದು ಇದೇ ವಿಶ್ವಾಸದಿಂದ.

ಆಪರೇಷನ್‌ಗೆ ಸಿದ್ಧತೆ

ಕೇಳಿ ತಿಳಿಯಿರಿ: ಚಿಕ್ಕ ರಂಧ್ರಗಳ ಮೂಲಕ ಮಾಡುವ ಲ್ಯಾಪರೋಸ್ಕೋಪಿ ವಿಧಾನವೋ, ಹೊಟ್ಟೆ ತೆರೆದು ಮಾಡುವುದೋ? ಗಡ್ಡೆಯನ್ನಷ್ಟೇ ತೆಗೆಯುತ್ತೀರೋ, ಅಂಡಾಶಯವನ್ನೂ ತೆಗೆಯಬೇಕಾಗಬಹುದೋ? ಒಳಗೆ ಬೇರೇನಾದರೂ ಕಂಡರೆ ಏನು ಮಾಡುತ್ತೀರಿ? ಈ ಮೂರು ಪ್ರಶ್ನೆಗಳನ್ನು ಸಹಿ ಹಾಕುವ ಮೊದಲೇ ಕೇಳಬೇಕು. ಒಪ್ಪಿಗೆ ಪತ್ರಕ್ಕೆ ಸಹಿ ಹಾಕಬೇಕಾದವಳು ರೋಗಿಯೇ. ಪರೀಕ್ಷೆಗೆಂದು ಅರಿವಳಿಕೆ ಪಡೆದಿದ್ದ ಮಹಿಳೆಯ ಗರ್ಭಕೋಶ, ಅಂಡಾಶಯಗಳನ್ನು ತಾಯಿಯ ಒಪ್ಪಿಗೆ ಪಡೆದು ತೆಗೆದ ಪ್ರಕರಣದಲ್ಲಿ, ವಯಸ್ಕ ರೋಗಿಯ ಸ್ವಂತ ಒಪ್ಪಿಗೆಯೇ ಬೇಕೆಂದು ಸುಪ್ರೀಂ ಕೋರ್ಟ್ 2008ರಲ್ಲಿ ತೀರ್ಪಿತ್ತಿದೆ. ಪತಿಯೊಂದಿಗೆ ಮಾತಾಡಿ, ಆದರೆ ನಿಮಗೆ ಅರ್ಥವಾಗದ ಕಾಗದಕ್ಕೆ ಸಹಿ ಬೇಡ.

ರಕ್ತಹೀನತೆ ಸರಿಪಡಿಸಿಕೊಳ್ಳಿ: 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಭಾರತದಲ್ಲಿ 15ರಿಂದ 49 ವಯಸ್ಸಿನ ಮಹಿಳೆಯರಲ್ಲಿ ನೂರಕ್ಕೆ 57 ಮಂದಿಗೆ ರಕ್ತಹೀನತೆ ಇದೆ. ತುರ್ತಿಲ್ಲದಿದ್ದರೆ ವೈದ್ಯರು ಕಬ್ಬಿಣದ ಮಾತ್ರೆ ಕೊಟ್ಟು ಕೆಲವು ವಾರ ಕಾಯಿಸುತ್ತಾರೆ. ಮಾತ್ರೆ ಬಿಡದೆ ತೆಗೆದುಕೊಳ್ಳಿ, ಜೊತೆಗೆ ಸೊಪ್ಪು, ಕಾಳು, ಮೊಟ್ಟೆ, ಮೀನು ಉಣ್ಣಿ. ತಪಸ್ಸು ಕಾಲದಲ್ಲಿ ಆಪರೇಷನ್ ಬಂದರೆ ಉಪವಾಸದ ಚಿಂತೆ ಬೇಡ. ರೋಗಿಗಳಿಗೆ ಉಪವಾಸದ ಕಟ್ಟಳೆ ಇಲ್ಲ.

ಔಷಧಿಗಳ ಪಟ್ಟಿ ಒಯ್ಯಿರಿ: ಸಕ್ಕರೆ ಕಾಯಿಲೆ, ಬಿಪಿ, ಥೈರಾಯ್ಡ್, ಆಸ್ತಮಾ ಇದ್ದರೆ ಹೇಳಿ. ಆಸ್ಪಿರಿನ್‌ನಂಥ ರಕ್ತ ತೆಳುಮಾಡುವ ಮಾತ್ರೆ, ನಾಟಿ ಔಷಧಿ ತೆಗೆದುಕೊಳ್ಳುತ್ತಿದ್ದರೆ ಮುಚ್ಚಿಡಬೇಡಿ. ಯಾವುದನ್ನು ಎಂದು ನಿಲ್ಲಿಸಬೇಕೆಂದು ವೈದ್ಯರೇ ಹೇಳಬೇಕು. ಮುಟ್ಟು ತಪ್ಪಿದ್ದರೆ ಅದನ್ನೂ ತಿಳಿಸಿ.

ಖರ್ಚಿನ ದಾರಿ: ಆಯುಷ್ಮಾನ್ ಭಾರತ್-ಆರೋಗ್ಯ ಕರ್ನಾಟಕ ಕಾರ್ಡ್ ಇದ್ದರೆ, ದಾಖಲಾಗುವ ಮೊದಲೇ ಆಸ್ಪತ್ರೆಯ ಆರೋಗ್ಯಮಿತ್ರರನ್ನು ಕಂಡು, ಸರ್ಕಾರಿ ಆಸ್ಪತ್ರೆಯ ಶಿಫಾರಸು ಪತ್ರ ಬೇಕೇ ಎಂದು ವಿಚಾರಿಸಿ. ಆಪರೇಷನ್ ಆದ ಮೇಲೆ ಕೇಳಿದರೆ ತಡವಾಗುತ್ತದೆ.

ಹಿಂದಿನ ರಾತ್ರಿ ಮತ್ತು ಆ ಬೆಳಿಗ್ಗೆ: ಆಪರೇಷನ್‌ಗೆ ಆರರಿಂದ ಎಂಟು ಗಂಟೆ ಮೊದಲೇ ಊಟ ನಿಲ್ಲಿಸುವಂತೆ ಹೇಳುತ್ತಾರೆ. ಹಾಲು ಬೆರೆತ ಟೀ, ಕಾಫಿ ಕೂಡ ಊಟದ ಲೆಕ್ಕವೇ. ನೀರನ್ನು ಎಷ್ಟು ಹೊತ್ತಿನವರೆಗೆ ಕುಡಿಯಬಹುದೆಂದು ಕೇಳಿಕೊಳ್ಳಿ. ಹೊಟ್ಟೆಯಲ್ಲಿ ಆಹಾರವಿದ್ದರೆ ಅರಿವಳಿಕೆಯ ಸಮಯದಲ್ಲಿ ಅದು ಶ್ವಾಸಕೋಶಕ್ಕೆ ನುಗ್ಗುವ ಅಪಾಯವಿದೆ. ಲೂರ್ದು ಅಥವಾ ವೇಳಾಂಕಣ್ಣಿಯ ತೀರ್ಥವನ್ನು ಯಾರಾದರೂ ಭಕ್ತಿಯಿಂದ ತಂದರೆ ಆ ಬೆಳಿಗ್ಗೆ ಕುಡಿಸಬೇಡಿ, ಹಣೆಗೆ ಹಚ್ಚಿ ಶಿಲುಬೆಯ ಗುರುತು ಮಾಡಿ. ಪರಮಪ್ರಸಾದವನ್ನು ಹಿಂದಿನ ಸಂಜೆಯೇ ಸ್ವೀಕರಿಸುವುದು ಒಳ್ಳೆಯದು. ಬಳೆ, ಸರ, ಕಾಲುಂಗುರ ಮನೆಯಲ್ಲೇ ಇರಲಿ. ಜಪಸರವನ್ನು ಜೊತೆಗಿರುವವರ ಕೈಗೆ ಕೊಟ್ಟು, ನನಗಾಗಿ ಜಪಿಸಿರಿ ಎನ್ನಿ.

ಅಭ್ಯಂಗ ಸಂಸ್ಕಾರ: ಹಿಂದೆ ಇದನ್ನು 'ಅಂತ್ಯಾಭ್ಯಂಗ' ಎನ್ನುತ್ತಿದ್ದುದರಿಂದ, ಗುರುಗಳು ತೈಲ ತಂದರೆ ಸಾವೇ ಬಂತೆಂದು ಹೆದರುವವರು ಇಂದಿಗೂ ಇದ್ದಾರೆ. ಇದು ರೋಗಿಗಳ ಅಭ್ಯಂಗ. ಗಂಭೀರ ಆಪರೇಷನ್‌ಗೆ ಮುನ್ನ ಇದನ್ನು ಸ್ವೀಕರಿಸುವುದು ಯುಕ್ತವೆಂದು ಧರ್ಮಸಭೆಯ ಧರ್ಮೋಪದೇಶ ಗ್ರಂಥ 1515ನೇ ಪರಿಚ್ಛೇದದಲ್ಲಿ ಹೇಳುತ್ತದೆ. ದಿನ ನಿಗದಿಯಾದೊಡನೆ ಗುರುಗಳಿಗೆ ತಿಳಿಸಿ.

ಆಪರೇಷನ್ ನಂತರ

ಲ್ಯಾಪರೋಸ್ಕೋಪಿಯಾದರೆ ಸಾಮಾನ್ಯವಾಗಿ ಒಂದೆರಡು ದಿನದಲ್ಲಿ ಮನೆಗೆ ಬರಬಹುದು. ಹೊಟ್ಟೆಗೆ ತುಂಬಿದ ಅನಿಲದಿಂದ ಭುಜದಲ್ಲಿ ನೋವು ಬರುವುದುಂಟು, ಹೆದರಬೇಡಿ, ಅದು ಕಡಿಮೆಯಾಗುತ್ತದೆ. ಹೊಟ್ಟೆ ತೆರೆದಿದ್ದರೆ ಆಸ್ಪತ್ರೆಯಲ್ಲಿ ಇನ್ನೂ ಕೆಲವು ದಿನ, ಪೂರ್ಣ ಚೇತರಿಕೆಗೆ ಸುಮಾರು ಆರು ವಾರ. ಅಲ್ಲಿಯವರೆಗೆ ನೀರಿನ ಕೊಡ, ಗ್ಯಾಸ್ ಸಿಲಿಂಡರ್ ಎತ್ತಬಾರದು. ಹಾಗೆಂದು ಮಲಗಿಯೇ ಇರುವುದೂ ಸಲ್ಲದು. ಕಾಲಿನ ರಕ್ತನಾಳಗಳಲ್ಲಿ ರಕ್ತ ಹೆಪ್ಪುಗಟ್ಟದಿರಲು ಬೇಗನೆ ನಡೆದಾಡಬೇಕು. ಜ್ವರ, ಗಾಯದಲ್ಲಿ ಕೀವು, ಹೆಚ್ಚುತ್ತಿರುವ ಹೊಟ್ಟೆನೋವು, ನಿಲ್ಲದ ವಾಂತಿ, ಒಂದು ಕಾಲಿನ ಊತ, ಉಸಿರಾಟದ ತೊಂದರೆ ಕಂಡರೆ ತಕ್ಷಣ ಆಸ್ಪತ್ರೆಗೆ ಹೋಗಿ.

ತೆಗೆದ ಗಡ್ಡೆಯನ್ನು ಬಯಾಪ್ಸಿ ಪರೀಕ್ಷೆಗೆ ಕಳುಹಿಸುತ್ತಾರೆ. ಆ ವರದಿ ಬರುವಷ್ಟರಲ್ಲಿ ರೋಗಿ ಮನೆ ಸೇರಿರುತ್ತಾಳೆ. ಹೊಲಿಗೆ ಬಿಚ್ಚಿಸಿದ ಮೇಲೆ ವರದಿಯನ್ನು ಕೇಳುವವರೇ ಇಲ್ಲದಂತಾಗಬಾರದು. ಗಡ್ಡೆ ಯಾವ ಜಾತಿಯದೆಂದು ಖಚಿತವಾಗಿ ಹೇಳುವುದು ಅದೇ ಕಾಗದ. ಅದನ್ನು ಪಡೆದು, ವೈದ್ಯರಿಗೆ ತೋರಿಸಿ, ಜೋಪಾನವಾಗಿಡಿ.

ಒಂದು ಅಂಡಾಶಯ ಹೋದರೂ ಇನ್ನೊಂದು ಆರೋಗ್ಯವಾಗಿದ್ದರೆ ಮುಟ್ಟು ಬರುತ್ತದೆ, ಗರ್ಭ ನಿಲ್ಲುತ್ತದೆ. ಇದನ್ನು ಮಗಳ ಮದುವೆಯ ಮಾತಿಗೆ ಹೆದರುವ ತಂದೆತಾಯಿಯರು ತಿಳಿದಿರಬೇಕು, ಸೊಸೆ ತರುವವರೂ ತಿಳಿದಿರಬೇಕು. ಎರಡನ್ನೂ ತೆಗೆಯಬೇಕಾಗಿ ಬಂದರೆ ಮುಟ್ಟು ಒಮ್ಮೆಲೇ ನಿಲ್ಲುತ್ತದೆ. ಮೈ ಬಿಸಿಯೇರುವುದು, ನಿದ್ದೆಗೆಡುವುದು, ಮನಸ್ಸು ಕುಗ್ಗುವುದು, ಮುಂದೆ ಮೂಳೆ ಸವೆಯುವುದು ಆಗಬಹುದು. ಅದಕ್ಕೂ ಚಿಕಿತ್ಸೆ ಇದೆ. ಆಕೆ ಸಿಡುಕುತ್ತಾಳೆಂದು ದೂರುವ ಮೊದಲು ಪತಿ ಇದನ್ನು ನೆನಪಿಡಲಿ.

ನಮ್ಮ ಕರ್ತವ್ಯ

ದರ್ಶನದ ಸಂದೇಶ ಪಡೆದ ಮಾತೆ ಮರಿಯಮ್ಮನವರು ಮನೆಯಲ್ಲಿ ಕೂರಲಿಲ್ಲ. ಬೆಟ್ಟಸೀಮೆಗೆ ಅವಸರವಾಗಿ ಹೋಗಿ, ಬಸುರಿಯಾಗಿದ್ದ ಬಂಧು ಎಲಿಜಬೇತಮ್ಮನವರ ಮನೆಯಲ್ಲಿ ಸುಮಾರು ಮೂರು ತಿಂಗಳು ನೆರವಾದರು. ಒಂದು ಹೆಣ್ಣಿನ ದೇಹದ ಕಷ್ಟಕ್ಕೆ ಇನ್ನೊಂದು ಹೆಣ್ಣು ಜೊತೆಯಾದ ಪರಿ ಅದು. ನಮ್ಮ ಮಹಿಳಾ ಸಂಘಗಳು, ಕಿರು ಕ್ರೈಸ್ತ ಸಮುದಾಯಗಳು ಮಾಡಬಹುದಾದದ್ದು ಬಹಳವಿದೆ. ಒಬ್ಬಳೇ ಆಸ್ಪತ್ರೆಗೆ ಹೋಗಲು ಅಂಜುವವಳ ಜೊತೆ ಹೋಗಬಹುದು. ಅವಳು ಮಲಗಿರುವ ಆರು ವಾರ ಸರದಿಯಂತೆ ನೀರು ಹೊತ್ತುಕೊಡಬಹುದು, ಮಕ್ಕಳಿಗೆ ಊಟ ಕೊಡಬಹುದು, ರಕ್ತ ಬೇಕಾದಾಗ ನಮ್ಮ ಯುವಕರು ದಾನ ಮಾಡಬಹುದು. ಈ ಹಬ್ಬದಂದು ಹಿಂದಿನ ಬೆಂಚಿನ ಸಹೋದರಿಯ ಬಳಿ ಹೋಗಿ, ಹೇಗಿದ್ದೀಯಮ್ಮ ಎಂದು ಕೇಳಿ, ಉತ್ತರಕ್ಕಾಗಿ ಸ್ವಲ್ಪ ಹೊತ್ತು ನಿಲ್ಲೋಣ.

ರೋಗಿಗಳ ಆರೋಗ್ಯವಾದ ಮಾತೆ ಮರಿಯಮ್ಮನವರು ಮುಚ್ಚಿಟ್ಟ ನೋವುಗಳನ್ನು ಹೇಳಿಕೊಳ್ಳುವ ಧೈರ್ಯವನ್ನು ನಮ್ಮ ತಾಯಂದಿರಿಗೂ, ಕೇಳಿಸಿಕೊಳ್ಳುವ ಮನಸ್ಸನ್ನು ನಮ್ಮೆಲ್ಲರಿಗೂ ತಮ್ಮ ಪುತ್ರನಿಂದ ಬೇಡಿ ಕೊಡಲಿ. ಆಮೆನ್.